ಬಹುದೋ ಬಾರದೋ: ಕೃಷಿ ವಿಡಿಯೊಗಾಗಿ ಕ್ಯಾಮೆರಾ ಮುಂದೆ ಮಾತಾಡುವಾಗ ನಾನು ನೋಡಿಕೊಳ್ಳುವುದು

ಕನ್ನಡದಲ್ಲಿ ಮಾತಿನ ಜೀವ ಇರುವುದು ವಾಕ್ಯದ ಬಾಲದಲ್ಲಿ. "ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ದಿನ ಈ ಸಾಲಿನ ಸೊಪ್ಪನ್ನು ರೇಷ್ಮೆ ಹುಳಕ್ಕೆ ಹಾಕ..." ಎಂದು ಹೇಳಿ ಕೊನೆಗೆ ದನಿ ಇಳಿಸಿಬಿಟ್ಟರೆ, ಹಾಕಬಹುದೋ ಹಾಕಬಾರದೋ ಕೇಳಿದವರಿಗೆ ತಿಳಿಯುವುದಿಲ್ಲ. ಎರಡೂ "ಬ"ದಿಂದ ಶುರುವಾಗಿ "ದು"ವಿನಲ್ಲಿ ಮುಗಿಯುತ್ತವೆ. ನಡುವಿನ ಅಕ್ಷರ ನುಂಗಿದರೆ ಎರಡೂ ಒಂದೇ. ಬದುವಿನ ಒಂದು ಪಕ್ಕ ಟೊಮೆಟೊ, ಇನ್ನೊಂದು ಪಕ್ಕ ಹಿಪ್ಪುನೇರಳೆ ಇರುವ ಕೋಲಾರದ ಕಡೆ ಆ ಒಂದು ಅಕ್ಷರಕ್ಕೆ ಮನೆಯಲ್ಲಿರುವ ಹುಳವೆಲ್ಲ ಸಾಯಬಹುದು. ಹಾಗಾಗಿ ಕೃಷಿ ವಿಡಿಯೊದಲ್ಲಿ ಮುಖ, ಅಂಗಿ, ಹಿನ್ನೆಲೆ ಸಂಗೀತ ಎಲ್ಲಕ್ಕಿಂತ ಮೊದಲು ನಾನು ನೋಡುವುದು ವಾಕ್ಯದ ಕೊನೆ ಕೇಳುತ್ತಿದೆಯೇ ಎಂದು.

ಕೊನೆ ಇಳಿಯುವುದಕ್ಕೆ ಮುಖ್ಯ ಕಾರಣ ಉಸಿರು ಸಾಲದಿರುವುದು. ಒಂದು ವಾಕ್ಯಕ್ಕೆ ಎಂಟು-ಹತ್ತು ಪದ ಸಾಕು. "ಹಾಕಿದಾಗ", "ಆದ್ದರಿಂದ", "ಹೀಗಿರುವಾಗ" ಎಂದು ಕೊಂಡಿ ಹಾಕುತ್ತ ಹೋದರೆ ಕ್ರಿಯಾಪದ ಬರುವ ಹೊತ್ತಿಗೆ ಉಸಿರು ಖಾಲಿ. ಬೇಡ ಎನ್ನುವ ಮಾತನ್ನು ನಾನು ಮುಂದಕ್ಕೇ ತಂದುಬಿಡುತ್ತೇನೆ: "ಹಾಕಬೇಡಿ. ಪಕ್ಕದ ತೋಟಕ್ಕೆ ಔಷಧಿ ಹೊಡೆದಿದ್ದರೆ ಈ ಸೊಪ್ಪು ಹಾಕಬೇಡಿ." ಬರವಣಿಗೆಯಲ್ಲಿ ಇದು ಒರಟು, ಮಾತಿನಲ್ಲಿ ಇದೇ ಸಹಜ. ಜೊತೆಗೆ ಕೈ ಅಡ್ಡ ಆಡಿಸಿದರೆ ದನಿ ಸರಿಯಾಗಿ ಕೇಳದಿದ್ದರೂ ವಿಷಯ ತಲುಪುತ್ತದೆ.

ಪೂರ್ತಿ ಬರೆದುಕೊಂಡು ಓದುವುದು ನನಗೆ ಆಗಿಬರುವುದಿಲ್ಲ. ಓದುವಾಗ ಕಣ್ಣು ಎಡದಿಂದ ಬಲಕ್ಕೆ ಓಡುವುದು ನೋಡುವವರಿಗೆ ಕಾಣುತ್ತದೆ, ಭಾಷೆಯೂ ಪುಸ್ತಕದ್ದಾಗುತ್ತದೆ. ಮೊದಲ ವಾಕ್ಯ, ಕೊನೆಯ ವಾಕ್ಯ, ಔಷಧಿಯ ಅಳತೆ, ಈ ಮೂರನ್ನು ಮಾತ್ರ ಬಾಯಿಪಾಠ ಮಾಡುತ್ತೇನೆ. ಉಳಿದದ್ದಕ್ಕೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕೈದು ಪದ ಬರೆದು ಕ್ಯಾಮೆರಾ ಕೆಳಗೆ ಸಿಕ್ಕಿಸುತ್ತೇನೆ. ನಿಮಿಷಕ್ಕೆ 90ರಿಂದ 100 ಪದ ನನಗೆ ಹದವಾದ ವೇಗ. ಕ್ಯಾಮೆರಾ ಹಿಂದೆ ಮನೆಯವರನ್ನೋ ಪಕ್ಕದ ತೋಟದವರನ್ನೋ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. "ಅಲ್ಲಣ್ಣಾ, ಅದು ಎಷ್ಟು ಹಾಕೋದು?" ಎಂದು ಅವರು ನಡುವೆ ಕೇಳಿದರೆ ನೋಡುವವರಿಗೂ ಅಲ್ಲೇ ಅದೇ ಪ್ರಶ್ನೆ ಬಂದಿರುತ್ತದೆ. "ಪ್ರಿಯ ವೀಕ್ಷಕರೇ" ಎಂದರೆ ಊರಿಗೆಲ್ಲ ಹೇಳಿದ ಹಾಗೆ. "ನೋಡಿ" ಎಂದರೆ ಒಬ್ಬರಿಗೆ ಹೇಳಿದ ಹಾಗೆ. ಅಳತೆಯೂ ನೋಡುವವರದ್ದೇ ಇರಲಿ: ಹೆಕ್ಟೇರ್ ಬಿಟ್ಟು ಎಕರೆ, ಗುಂಟೆ, ಟೊಮೆಟೊಗೆ ಕ್ವಿಂಟಾಲ್ ಬಿಟ್ಟು ಮಾರ್ಕೆಟ್ಟಿನ 15 ಕೆಜಿ ಬಾಕ್ಸ್.

ಮೊದಲ ಎಂಟು-ಹತ್ತು ಸೆಕೆಂಡಿನಲ್ಲಿ ನಮಸ್ಕಾರ, ಸ್ವಾಗತ, ಚಾನೆಲ್ ಹೆಸರು, ಸಬ್‌ಸ್ಕ್ರೈಬ್ ಮಾಡಿ ಎನ್ನುವ ಬೇಡಿಕೆ ಯಾವುದೂ ಬೇಡ. ಕೈಯಲ್ಲಿ ಹಣ್ಣು ಹಿಡಿದೇ ಶುರು ಮಾಡುವುದು. "ಈ ಟೊಮೆಟೊ ತಳ ನೋಡಿ, ಕರ್ರಗೆ ಕುಳಿ ಬಿದ್ದಿದೆ. ಇದಕ್ಕೆ ರೋಗದ ಔಷಧಿ ಹೊಡೆದು ದುಡ್ಡು ಕಳೆಯಬೇಡಿ." ಇಷ್ಟು ಹೇಳಿದ ಮೇಲೆ, ಗಿಡಕ್ಕೆ ನೀರು ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ ಆದರೆ ಕ್ಯಾಲ್ಸಿಯಂ ಹಣ್ಣಿನ ತುದಿವರೆಗೆ ತಲುಪುವುದಿಲ್ಲ ಎಂಬ ಕಾರಣ ಕೇಳಲು ಅವರು ನಿಲ್ಲುತ್ತಾರೆ. ಹಣ್ಣನ್ನು ಮುಖದ ಪಕ್ಕಕ್ಕೆ ಹಿಡಿಯಿರಿ. ಲೆನ್ಸ್‌ಗೆ ತೀರ ಹತ್ತಿರ ಚಾಚಿದರೆ ಫೋಕಸ್ ಹುಡುಕಾಡಿ ಮುಖವೂ ಹಣ್ಣೂ ಎರಡೂ ಮಸುಕಾಗುತ್ತವೆ. ಹತ್ತಿರದ ಚಿತ್ರವನ್ನು ಬೇರೆಯಾಗಿ ತೆಗೆಯಬೇಕು: ಕುಳಿ ಬಿದ್ದ ತಳ, ಸೀಳಿದ ಹಣ್ಣು, ಡ್ರಿಪ್ ಪೈಪಿನಿಂದ ತೊಟ್ಟಿಕ್ಕುವ ನೀರು, ಒಂದೊಂದೂ ಹತ್ತು ಸೆಕೆಂಡ್, ಕೈ ಅಲ್ಲಾಡದಂತೆ. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಜಾಗವನ್ನೆಲ್ಲ ಇವೇ ಮುಚ್ಚುತ್ತವೆ.

ಇನ್ನು ಶಬ್ದ. ದುಡ್ಡು ಖರ್ಚು ಮಾಡುವುದಿದ್ದರೆ ಕ್ಯಾಮೆರಾಗಿಂತ ಮೊದಲು ಮೈಕ್‌ಗೆ ಮಾಡಿ. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಅಂಗಿಯ ಗುಂಡಿ ಪಟ್ಟಿಗೆ ಸಿಕ್ಕಿಸುವುದು. ಕುತ್ತಿಗೆಗೆ ತೀರ ಹತ್ತಿರ ಇಟ್ಟರೆ ಗಲ್ಲದ ಮರೆಯಲ್ಲಿ ದನಿ ಮಂಕಾಗುತ್ತದೆ. ಸರ ಅಥವಾ ಟವೆಲ್ ತಗುಲಿದರೆ ಪ್ರತಿ ಅಲುಗಾಟಕ್ಕೂ ಕರಕರ. ದನಿಯ ಮಟ್ಟ ತೋರಿಸುವ ಆ್ಯಪ್ ಆದರೆ ಜೋರು ಮಾತು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಗರಿಷ್ಠ ಮಟ್ಟವಾದ ಸೊನ್ನೆ ಮುಟ್ಟಿ ಒಡೆದ ದನಿಯನ್ನು ಯಾವ ಎಡಿಟಿಂಗೂ ಪೂರ್ತಿ ಸರಿಮಾಡುವುದಿಲ್ಲ. ಬಯಲಿನಲ್ಲಿ ಮೈಕ್‌ಗೆ ತುಪ್ಪಳದ ಟೋಪಿ ಹಾಕಲೇಬೇಕು, ಸ್ಪಂಜಿನದು ಗಾಳಿಯನ್ನು ಅಷ್ಟಾಗಿ ತಡೆಯುವುದಿಲ್ಲ. ಬೋರ್‌ವೆಲ್ ಮೋಟರ್ ಓಡುವ ಹೊತ್ತು ಶೂಟಿಂಗ್ ಬೇಡ. ಕರೆಂಟ್ ಯಾವಾಗ ಬರುತ್ತದೋ ಆಗ ಮೋಟರ್ ಶುರುವಾಗುವ ಊರಲ್ಲಿ ಮೊದಲೇ ಸ್ಟಾರ್ಟರ್ ಆಫ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಮನೆಯೊಳಗಿನ ತೊಂದರೆ ಬೇರೆ ಥರ. ಆರ್‌ಸಿಸಿ ಮನೆ, ಗ್ರಾನೈಟ್ ನೆಲ, ಬರಿ ಗೋಡೆ: ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಟಣ್ ಎಂದು ಎಳೆದರೆ ನೆಲಕ್ಕೆ ಜಮಖಾನ ಹಾಸಿ, ಕ್ಯಾಮೆರಾ ಹಿಂದಿನ ಗೋಡೆಗೆ ಹಾಸಿಗೆ ಒರಗಿಸಿ, ಮತ್ತೆ ತಟ್ಟಿ ನೋಡಿ. ಫ್ಯಾನ್, ಫ್ರಿಜ್ ಎರಡೂ ಬಂದ್. ಮುಗಿದ ಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಬರಿ ಕೋಣೆಯ ಸದ್ದು ರೆಕಾರ್ಡ್ ಮಾಡಿಕೊಂಡರೆ, ಕತ್ತರಿಸಿದ ಕಡೆ ಅದನ್ನು ತುಂಬಬಹುದು.

ಬೆಳಕಿನ ವಿಷಯ ಹೆಚ್ಚಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಮುಗಿಸುವುದು. ನಡುಹಗಲ ಬಿಸಿಲಿಗೆ ಕಣ್ಣ ಕೆಳಗೆ ನೆರಳು ಬಿದ್ದು ಮುಖ ಬಾಡುತ್ತದೆ, ಫೋನ್ ಕಾದು ರೆಕಾರ್ಡಿಂಗ್ ತಾನೇ ನಿಲ್ಲುತ್ತದೆ. ಹಸಿರು ಶೇಡ್‌ನೆಟ್ ಒಳಗೆ ನಿಂತರೆ ಮುಖಕ್ಕೂ ಹಸಿರು ಬಳಿದಂತಾಗುತ್ತದೆ, ನೀಲಿ ಟಾರ್ಪಾಲ್ ಕೆಳಗೆ ನೀಲಿ. ಶೇಡ್‌ನೆಟ್ಟಿನ ಬಾಗಿಲಲ್ಲಿ, ಹೊರಗಿನ ಬೆಳಕಿಗೆ ಮುಖ ಮಾಡಿ ನಿಂತರೆ ಬಣ್ಣವೂ ಸರಿ, ಹಿಂದೆ ಬೆಳೆಯೂ ಕಾಣುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಹರಿದಾಡಿದರೆ ಕ್ಯಾಮೆರಾದ ಶಟರ್ ವೇಗವನ್ನು 1/50 ಸೆಕೆಂಡಿಗೋ 1/100 ಸೆಕೆಂಡಿಗೋ ಇಡಿ.

ಲೆನ್ಸ್ ಕಣ್ಣಿನ ಎತ್ತರಕ್ಕೆ, ನಾಲ್ಕೈದು ಅಡಿ ದೂರದಲ್ಲಿ ಇರಲಿ. ಹಿಂಬದಿ ಕ್ಯಾಮೆರಾವನ್ನೇ ಬಳಸಿ; ಮುಂಬದಿಯದರಲ್ಲಿ ನಮ್ಮ ಮುಖ ನಾವೇ ನೋಡಿಕೊಳ್ಳುತ್ತ ಕೂರುತ್ತೇವೆ. ಲೆನ್ಸ್ ಪಕ್ಕ ಒಂದು ಹಣೆಬೊಟ್ಟು ಅಂಟಿಸಿದರೆ ನೋಟ ಎಲ್ಲಿರಬೇಕು ಎಂದು ಮರೆಯುವುದಿಲ್ಲ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಟೇಕ್‌ನಲ್ಲೇ ಯಾರಾದರೂ ಫೋನ್ ಮಾಡುತ್ತಾರೆ.

ಮಾತು ತೊದಲಿದರೆ ಕ್ಯಾಮೆರಾ ನಿಲ್ಲಿಸಬೇಡಿ. ಎರಡು ಸೆಕೆಂಡ್ ಸುಮ್ಮನಿದ್ದು, ಒಂದು ಚಪ್ಪಾಳೆ ತಟ್ಟಿ, ವಾಕ್ಯವನ್ನು ಮೊದಲಿಂದ ಹೇಳಿ. ಎಡಿಟಿಂಗ್‌ನಲ್ಲಿ ಚಪ್ಪಾಳೆ ಎತ್ತರದ ಗೆರೆಯಾಗಿ ಕಾಣುವುದರಿಂದ ಹುಡುಕಲು ಸುಲಭ. ವಾಕ್ಯದ ನಡುವಿನಿಂದ ಹಿಡಿದರೆ ದನಿಯ ಏರಿಳಿತ ಹೊಂದದೆ ಜೋಡಣೆ ಎದ್ದು ಕಾಣುತ್ತದೆ.

ಪರದೆ ಮೇಲಿನ ಬರಹವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಫೋನ್, ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲೇ ಟೈಪ್ ಮಾಡಿ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ತಂದು ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ ಬೀಳುತ್ತದೆ. ಸಾಲಿನ ಅಂತರ ಕಮ್ಮಿ ಇಟ್ಟರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ, "ಎಲ್ಲ" ಹೋಗಿ "ಎಲ" ಉಳಿಯುತ್ತದೆ.

ಅಪ್‌ಲೋಡ್ ಆದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ, ವಿಡಿಯೊದ ಯಾವ ಭಾಗವನ್ನು ಎಷ್ಟು ಜನ ನೋಡಿದರು ಎಂದು ತೋರಿಸುವ ರಿಟೆನ್ಷನ್ ಗ್ರಾಫ್‌ನಲ್ಲಿ ಗೆರೆ ಗುಡ್ಡದಂತೆ ಎದ್ದ ಜಾಗ ಕಂಡರೆ ಹಿಗ್ಗುವ ಮುಂಚೆ ಆ ಭಾಗವನ್ನು ಕೇಳಿ ನೋಡಿ. ಅಲ್ಲಿ ಜನ ಹಿಂದಕ್ಕೆ ಎಳೆದು ಮತ್ತೆ ನೋಡಿರಬಹುದು. ಕೆಲವು ಸಲ ಇಷ್ಟವಾಗಿ, ಕೆಲವು ಸಲ ಅಳತೆ ಸರಿಯಾಗಿ ಕೇಳದೆ. ಅದಕ್ಕೇ ಅಪ್‌ಲೋಡ್‌ಗೆ ಮುಂಚೆ ಫೋನನ್ನು ಮೂರಡಿ ದೂರ ಇಟ್ಟು, ಫ್ಯಾನ್ ಹಾಕಿ, ಇಯರ್‌ಫೋನ್ ಇಲ್ಲದೆ ಒಮ್ಮೆ ಪೂರ್ತಿ ಕೇಳುತ್ತೇನೆ. ಬಾಲ ನುಂಗಿದ ವಾಕ್ಯ ಸಿಕ್ಕರೆ ಮಾರನೆಯ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಆ ಒಂದು ವಾಕ್ಯವನ್ನು ಮತ್ತೆ ತೆಗೆಯುವುದು. ಹಾಗಾಗಿ ವಿಡಿಯೊ ಹೊರಗೆ ಹೋಗುವವರೆಗೂ ಆ ಅಂಗಿಯನ್ನು ಒಗೆಯಲು ಹಾಕುವುದಿಲ್ಲ.