ಊಟದ ಕೋಣೆಯ ನಡುವೆ ಇದ್ದ ಗೋಡೆ

ಮಡಿಕೇರಿಯಲ್ಲಿ ಹಳೆಯ ಕಟ್ಟಡದ ವಯಸ್ಸು ಕೇಳಿದರೆ ಜನ ಮೊದಲು ತೋರಿಸುವುದು ಮಾಡಿನ ಹಂಚನ್ನು. ಪೇಟೆಯ ನಡುವಿನ ಒಂದು ಹಳೆಯ ಹೋಟೆಲಿನ ದುರಸ್ತಿ ಕೆಲಸ ನನ್ನ ಕೈಗೆ ಬಂದಾಗಲೂ ಹಾಗೇ ಆಯಿತು. ಹಂಚು ಮಗುಚಿದರೆ ಹಿಂಬದಿಯಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಮುದ್ರೆ, 1865ರ ಇಸವಿ. 'ನೋಡಿ, ನೂರೈವತ್ತು ವರ್ಷ ದಾಟಿದೆ' ಎಂದರು ಹೋಟೆಲಿನ ಮಾಲೀಕರು. ಆದರೆ 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮುಂದೆ ಎಷ್ಟೋ ವರ್ಷ ತಯಾರಾದ ಹಂಚುಗಳ ಮೇಲೂ ಅದೇ ಇಸವಿ ಒತ್ತಿದ್ದಾರೆ. ಈ ಮಾಡಿನ ಹಂಚು ಅದಕ್ಕಿಂತ ಹಳೆಯದಲ್ಲ ಎನ್ನಬಹುದು, ಅಷ್ಟೇ.

ಹಿಂಬದಿಯ ಅಡುಗೆಮನೆಯ ಮಾಡಿನಲ್ಲಿ ಸಿಕ್ಕ ಹಂಚು ಇನ್ನಷ್ಟು ಹೇಳಿತು. ಅದರ ಮೇಲೆ ಕಾಮನ್‌ವೆಲ್ತ್ ಹೆಸರಿತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾಗಿ ಅಡುಗೆಮನೆಗೆ ಆ ಮಾಡು ಏರಿದ್ದು ಯುದ್ಧದ ನಂತರ. ಕೊಡಗಿಗೆ ಇವತ್ತಿಗೂ ರೈಲಿಲ್ಲ. ಆ ಹಂಚೆಲ್ಲ ಸಂಪಾಜೆ ಘಾಟಿ ಹತ್ತಿಯೇ ಬಂದಿರಬೇಕು.

ಕೋಟೆಗೆ, 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಬರೆದಿಟ್ಟ ಚರಿತ್ರೆ ಇದೆ. ಹೋಟೆಲಿಗೆ ಅಂಥದ್ದು ಯಾರು ಬರೆದಿಡುತ್ತಾರೆ? ಸಿಕ್ಕಿದ್ದು ಹಳೆಯ ತೆರಿಗೆ ರಸೀದಿಗಳು ಮಾತ್ರ. ಉಳಿದದ್ದನ್ನು ಗೋಡೆ, ಮರ, ನೆಲ ನೋಡಿಯೇ ತಿಳಿಯಬೇಕು. ಅದಕ್ಕೆ ದುರಸ್ತಿಗೆ ಕೈಹಾಕುವ ಮೊದಲು ಇಡೀ ಕಟ್ಟಡವನ್ನು ಟೇಪು ಹಿಡಿದು ಅಳೆದು, ಪ್ರತಿ ಕೋಣೆಯ ನಕ್ಷೆ ಬರೆದೆ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಕಾಗದದ ಮೇಲೆ ಬಂದಾಗ ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿಸಿದ್ದು ಎಂದು ತಾನಾಗಿ ಕಾಣುತ್ತದೆ.

ಬೀದಿಗೆ ಮುಖಮಾಡಿ ಮರದ ಕಂಬಗಳ ಜಗಲಿ. ಕಂಬದಿಂದ ಕಂಬಕ್ಕೆ ಅಗಲವಾದ ಹಲಗೆ, ಕೊಡವರ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಕೂರಲು ಐಮರ ಎಂಬ ಹಲಗೆ ಇರುವಂತೆಯೇ. ಪೇಟೆಯ ಹೋಟೆಲಿಗೂ ಊರಿನ ಬಡಗಿ ತನಗೆ ಗೊತ್ತಿದ್ದ ಮನೆಯನ್ನೇ ಕಟ್ಟಿದ್ದಾನೆ ಎಂದು ನನಗೆ ತುಂಬಾ ಸಂತೋಷವಾಯಿತು. ಮಹಡಿಯಲ್ಲಿ ಸಾಲು ಕೋಣೆಗಳು, ಅವುಗಳ ಮುಂದೆ ಒಂದೇ ಉದ್ದನೆಯ ಓಣಿ. ಸೌದೆ ಒಲೆಯ ಹೊಗೆ ಒಳಗೆ ನುಗ್ಗದಿರಲಿ ಎಂದು ಅಡುಗೆಮನೆ ಬೇರೆಯಾಗಿ ಹಿಂದಕ್ಕೆ.

ನಿಜವಾದ ಚರಿತ್ರೆ ಇದ್ದದ್ದು ಊಟದ ಕೋಣೆಯಲ್ಲಿ. ಕೆಂಪು ಕಾವಿ ನೆಲದ ನಡುವೆ, ಒಂದು ಗೋಡೆಯಿಂದ ಎದುರಿನ ಗೋಡೆಯವರೆಗೆ, ಬೂದು ಸಿಮೆಂಟಿನ ಪಟ್ಟಿ. ಅಗಲ ಒಂಬತ್ತು ಇಂಚು, ಅಂದರೆ ಒಂದು ಇಟ್ಟಿಗೆಯ ಉದ್ದ. ಎರಡು ತುದಿಗಳಲ್ಲೂ ಗಾರೆ ಕೆರೆದಾಗ ಕಡಿದ ಇಟ್ಟಿಗೆಗಳ ಹಲ್ಲುಗಳು ಕಂಡವು. ಅಲ್ಲೊಂದು ಗೋಡೆ ಇತ್ತು. ಆ ಕೋಣೆಗೆ ಬೀದಿಯಿಂದ ಎರಡು ಬಾಗಿಲು, ಹಿಂದೆ ಕೈತೊಳೆಯಲು ಎರಡು ಮೋರಿ ಯಾಕೆ ಎಂಬುದು ಆಗ ಅರ್ಥವಾಯಿತು. ಹಿರಿಯರನ್ನು ಕೇಳಿದೆ. ಒಂದು ಭಾಗ ಬ್ರಾಹ್ಮಣರಿಗೆ, ಇನ್ನೊಂದು ಉಳಿದವರಿಗೆ ಎಂದರು. ದಲಿತರು ಎಲ್ಲಿ ಕೂರುತ್ತಿದ್ದರು ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕೂರುತ್ತಿರಲಿಲ್ಲ' ಎಂದರು. ಅಂಥ ಏರ್ಪಾಡು ಆ ಕಾಲದ ನಮ್ಮ ಎಷ್ಟೋ ಊರುಗಳ ಹೋಟೆಲುಗಳಲ್ಲಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಹೋಟೆಲು ಮತ್ತು ಉಪಾಹಾರ ಗೃಹಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. ಕಾನೂನಿನ ಪುಸ್ತಕದಲ್ಲಿ ಓದಿದ ಆ ಮಾತು ಇಲ್ಲಿ ನನ್ನ ಕಾಲ ಕೆಳಗೇ ಇತ್ತು.

ಮಾಲೀಕರಿಗೆ ಆ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸುವ ಆಸೆ. ಪಟ್ಟಿ ಮುಚ್ಚಬೇಡಿ ಎಂದು ನಾನು ಹಟ ಹಿಡಿದೆ. ಕೆಟ್ಟ ನೆನಪು ಯಾಕೆ ಎಂದರು. ಆ ಗೋಡೆ ಕಟ್ಟಿದ್ದೂ ಇದೇ ಹೋಟೆಲು, ಕೆಡವಿದ್ದೂ ಇದೇ ಹೋಟೆಲು, ಎರಡನೆಯದು ಅಡಗಿಸುವ ಸಂಗತಿಯಲ್ಲ ಎಂದು ವಾದಿಸಿದೆ. ಕೊನೆಗೆ ಒಪ್ಪಿದರು. ಕಾವಿ ನೆಲವನ್ನು ತೊಳೆದು, ಬಿರುಕಷ್ಟೇ ತುಂಬಿ, ಪಟ್ಟಿಯನ್ನು ಇದ್ದಂತೆಯೇ ಬಿಟ್ಟೆವು.

ಗೋಡೆಗಳದ್ದು ಬೇರೆ ಕಷ್ಟ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆಗೆ ಯಾವಾಗಲೋ ಸಿಮೆಂಟ್ ಬಳಿದಿದ್ದರು. ಇಲ್ಲಿನ ಮಳೆಗೆ ಗೋಡೆ ನೀರು ಹೀರುತ್ತದೆ, ಸಿಮೆಂಟು ಅದನ್ನು ಹೊರಬಿಡುವುದಿಲ್ಲ. ಒಳಗಿನ ಮಣ್ಣು ಸಡಿಲವಾಗುತ್ತದೆ. ಸಿಮೆಂಟ್ ಪೂರ್ತಿ ಕಿತ್ತು, ಅಳಲೆಕಾಯಿ ಮತ್ತು ಬೆಲ್ಲದ ನೀರಿನಲ್ಲಿ ಕಲಸಿದ ಸುಣ್ಣದ ಗಾರೆಯನ್ನು ತೆಳ್ಳಗೆ, ಪದರ ಪದರವಾಗಿ ಹಚ್ಚಿಸಿದೆ. ಈ ಕೆಲಸ ಕೊಡಗಿನ ಸುಗ್ಗಿಯ ಹಬ್ಬ ಹುತ್ತರಿ ಕಳೆದ ಮೇಲೆ ಶುರುಮಾಡಿ ಮುಂಗಾರಿಗೆ ಬಹಳ ಮೊದಲೇ ಮುಗಿಸಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದೂ ನಿಧಾನವಾಗಿ. ಜೂನ್ ತಿಂಗಳ ಥಂಡಿಯಲ್ಲಿ ಹಚ್ಚಿದರೆ ಗೋಡೆ ಒಣಗುವುದೇ ಇಲ್ಲ.

ಒಡೆದ ಹಂಚುಗಳಿಗೆ ಬದಲಿ ಹುಡುಕುವುದು ಇನ್ನೂ ನಡೆದಿದೆ. ಒಂದು ಕಾರ್ಖಾನೆಯ ಹಂಚಿನ ಅಂಚಿನ ತೋಡಿಗೆ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಕೊಡಗಿನಲ್ಲಿ ಎಲ್ಲೇ ಹಳೆಯ ಮನೆ ಕೆಡವಿದರೂ ನನಗೊಂದು ಮಾತು ತಿಳಿಸಿ ಎಂದು ಗುತ್ತಿಗೆದಾರರಿಗೆಲ್ಲ ಹೇಳಿಟ್ಟಿದ್ದೇನೆ.