ಕ್ಲಿಕ್ ಇಲ್ಲದೆ ಒಂಬತ್ತು ರಂಗಗೀತೆ

ಹಾರ್ಮೋನಿಯಂ, ತಬಲಾ, ಕಂಠ ಮೂರನ್ನೂ ಒಟ್ಟಿಗೆ ಕೂರಿಸಿ, ಕ್ಲಿಕ್ (ಹೆಡ್‌ಫೋನಿನಲ್ಲಿ ಲಯ ಹಿಡಿಸುವ ಟಕ್ ಟಕ್ ಸದ್ದು) ಇಲ್ಲದೆ ಕಂಪನಿ ನಾಟಕದ ಹಾಡುಗಳ ಆಲ್ಬಂ ಮಾಡ್ತೀನಿ ಅಂದಾಗ ನಮ್ಮವರೇ ನಂಬಲಿಲ್ಲ. ಈಗ ಒಂಬತ್ತು ಹಾಡು ಕೈಯಲ್ಲಿವೆ. ಹೇಗೆ ಮಾಡಿದ್ರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಬೆಂಗಳೂರಿನ ಒಂದು ಸ್ಟುಡಿಯೋಗೆ ಹೋದೆವು. ಶಿಫ್ಟ್ ಬಾಡಿಗೆ, ವಾದ್ಯದವರು, ಊಟ, ಓಡಾಟ ಎಲ್ಲ ಸೇರಿ ಅರವತ್ತು ಸಾವಿರದ ಮೇಲೆ ಹೋಯಿತು. ಮೊದಲು ತಬಲಾ, ಆಮೇಲೆ ಹಾರ್ಮೋನಿಯಂ, ಕೊನೆಗೆ ನಾನು, ಹೆಡ್‌ಫೋನ್ ಹಾಕಿಕೊಂಡು. ತಾಳದ ಹಾಡುಗಳು ಹೇಗೋ ಆದವು. ತಾಳವಿಲ್ಲದೆ ಹಾಡುವ ಕಂದಪದ್ಯ ಮಾತ್ರ ಸತ್ತೇಹೋಯಿತು. ಸ್ಮಶಾನದಲ್ಲಿ ಮಗನ ಹೆಣದ ಮುಂದೆ ಕೂತ ಚಂದ್ರಮತಿ ಸಾಲಿಗೆ ಹನ್ನೆರಡು, ಇಪ್ಪತ್ತು ಅಂತ ಛಂದಸ್ಸಿನ ಮಾತ್ರೆ ಎಣಿಸಿ ಹಾಡುತ್ತಾಳೆಯೇ? ಮಗನ ಹೆಸರು ಬಂದಲ್ಲಿ ನಿಲ್ಲಬೇಕು. ಎಷ್ಟು ಹೊತ್ತು ಅನ್ನುವುದನ್ನು ಅವತ್ತಿನ ಉಸಿರು ಹೇಳಬೇಕು. ಹಾರ್ಮೋನಿಯಂ ಮೇಷ್ಟ್ರು ತಿದಿ ಹಿಡಿದು ನನ್ನ ಮುಖವನ್ನೇ ನೋಡುತ್ತಾ ಕಾಯಬೇಕು. ಗಾಜಿನ ಆಚೆ ಕೂತ ಹಾರ್ಮೋನಿಯಂಗೆ ನನ್ನ ಮುಖ ಎಲ್ಲಿ ಕಾಣಬೇಕು? ಅಷ್ಟನ್ನೂ ಅಳಿಸಿಸಿದೆ.

ಎರಡನೇ ತಪ್ಪು ಪೂರ್ತಿ ನನ್ನದೇ. ಹಳೇ 78 ಆರ್‌ಪಿಎಂ ತಟ್ಟೆಗಳನ್ನು ಕೇಳಿ ಕೇಳಿ ಅದೇ ವೇಗ ಕಲಿತಿದ್ದೆ. ಮೇಷ್ಟ್ರು ತಡೆದರು. "ಏನಮ್ಮ, ಆ ತಟ್ಟೇಲಿ ಮೂರು ಮೂರೂವರೆ ನಿಮಿಷ ಅಷ್ಟೇ ಹಿಡೀತಿತ್ತು, ಅದಕ್ಕೆ ಓಡಿದ್ದಾರೆ. ನಿನಗೇನು ಅವಸರ?" ಎಲ್ಲವನ್ನೂ ಹೊಸದಾಗಿ ಕೂರಿಸಿಕೊಂಡೆ. ಮೂರು ನಿಮಿಷದ ಒಂದು ಹಾಡು ಆಲಾಪ ಸೇರಿ ಹತ್ತಿರ ಒಂಬತ್ತಕ್ಕೆ ಬಂತು.

ಕೊನೆಗೆ ಊರಿನ ಹಳೇ ತಗಡಿನ ನಾಟಕಮಂದಿರವನ್ನು ರಾತ್ರಿಗೆ ಸಾವಿರದೈನೂರರಂತೆ ಹಿಡಿದೆವು. ಮೊದಲ ರಾತ್ರಿ ವ್ಯರ್ಥ. ಹಗಲು ಕಾದ ತಗಡು ತಣಿಯುವಾಗ ಟಪ್ ಟಪ್ ಅನ್ನುತ್ತದೆ, ಹೆಡ್‌ಫೋನಿನಲ್ಲಿ ಕೇಳಿದರೆ ಯಾರೋ ಕಲ್ಲೆಸೆದ ಹಾಗೆ. ಹನ್ನೆರಡಾದ ಮೇಲೆ ಅದು ನಿಂತಿತು. ಮಾರನೇ ರಾತ್ರಿಯಿಂದ ಹನ್ನೆರಡೂವರೆಗೆ ಶುರು, ನಾಲ್ಕಕ್ಕೆ ಮುಕ್ತಾಯ. ಫ್ಯಾನ್ ಬಂದ್.

ನನ್ನ ಮೈಕ್ ಬಾಯಿಂದ ಸುಮಾರು ಮೂರಡಿ ದೂರ, ಮೈಕಿನ ಬೆನ್ನು ನೇರವಾಗಿ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಕಡೆಗೆ. ಇಂಥ ಕಾರ್ಡಿಯಾಯ್ಡ್ ಮೈಕ್ ಹಿಂದಿನಿಂದ ಬರುವುದನ್ನು ಕಡಿಮೆ ಹಿಡಿಯುತ್ತದೆ, ನಮಗೆ ಅಷ್ಟು ಸಾಕು. ತಾರಷಡ್ಜಕ್ಕೆ, ಅಂದರೆ ಮೇಲಿನ 'ಸ'ಕ್ಕೆ, ಹೋಗುವಾಗ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದೆ, ರಂಗದ ಅಭ್ಯಾಸ. ಮೂರನೇ ಮೈಕ್ ಎಲ್ಲಿಟ್ಟೆವು ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಹಾಡಿಗೆ ಆ ಮಂದಿರದ ಗಾಳಿ ಬಂದಿದ್ದು ಅದರಿಂದಲೇ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಶ್ರುತಿಯನ್ನು ಹಾರ್ಮೋನಿಯಂನ ಐದೂವರೆ ಮನೆಯಿಂದ ನಾಲ್ಕೂವರೆಗೆ ಇಳಿಸಿ ಹಾಡಿದರೆ ಗಂಟಲಿಗೆ ಸುಖ, ಆದರೆ ಕೇಳಿದರೆ ಭಾವಗೀತೆ. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನ ಚಾಪೆಯವನಿಗೂ ಮುಟ್ಟಲಿ ಅಂತ ಏರಿಸಿದ ಶ್ರುತಿ ಅದು, ಇಳಿಸಿದರೆ ಹಾಡಿನ ನರವೇ ಸಡಿಲ. ಮತ್ತೆ ಐದೂವರೆಗೇ ಹತ್ತಿದೆ.

ಎದುರಿಗೆ ಹತ್ತು ಹನ್ನೆರಡು ಹಳೇ ನಾಟಕದ ಹುಚ್ಚಿನವರನ್ನು ಕೂರಿಸಿದ್ದೆ. ಮೂರನೇ ರಾತ್ರಿ ಕಾಪಿ ರಾಗದ ಹಾಡು ಮುಗಿಯುತ್ತಲೇ ಹಿಂದಿನಿಂದ ಒಬ್ಬರು "ಒನ್ಸ್ ಮೋರ್" ಅಂದರು. ಮೇಷ್ಟ್ರು ನನ್ನನ್ನು ಕೇಳಲೂ ಇಲ್ಲ, ಹಾಡಿನ ಎತ್ತುಗಡೆ ನುಡಿಸಿಯೇ ಬಿಟ್ಟರು. ಆಲ್ಬಂನಲ್ಲಿರುವುದು ಆ ಎರಡನೇ ಸಲದ ಹಾಡು. ಅಂಥ ಚರಣವನ್ನು ನಾನು ಜೀವನದಲ್ಲಿ ಇನ್ನೊಮ್ಮೆ ಹಾಡಿಲ್ಲ.

ನಾಲ್ಕು ರಾತ್ರಿಗೆ, ಮಿಕ್ಸಿಂಗ್ ಸೇರಿ, ಎಂಬತ್ತು ಸಾವಿರದ ಆಸುಪಾಸು. ಜಾತ್ರೆ, ನಾಟಕಗಳಲ್ಲಿ ಇನ್ನೂರು ರೂಪಾಯಿಯ ಪೆನ್‌ಡ್ರೈವ್ ಆರುನೂರರಷ್ಟು ಹೋಗಿವೆ. ಪೆನ್‌ಡ್ರೈವ್ ಖರ್ಚು ಕಳೆದರೆ ಈ ಸಲದ ಬಂಡವಾಳ ಹೆಚ್ಚುಕಡಿಮೆ ಬಂದಿದೆ, ಸ್ಟುಡಿಯೋದ ಅರವತ್ತು ಇನ್ನೂ ಬಾಕಿ.

ಮುಂದಿನ ಆಲ್ಬಂ ಬರೀ ವೃತ್ತ ಛಂದಸ್ಸಿನ ಪದ್ಯಗಳು ಅಂತ ಮೇಷ್ಟ್ರು ಪಟ್ಟು ಹಿಡಿದಿದ್ದಾರೆ. ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೇವೆ. ತಗಡಿನ ಮೇಲೆ ಹನಿ ಬಿದ್ದರೆ ಆ ರಾತ್ರಿ ಹೋದಂತೆಯೇ.