ಐಸ್ ರಿಂಕ್‌ನಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ತಲೆನೋವು ಬಂದರೆ ಏನು ಮಾಡಬೇಕು

ಅಮೆರಿಕ, ಕೆನಡಾದಲ್ಲಿರುವ ನಮ್ಮವರ ಮಕ್ಕಳು ಹಾಕಿ, ಸ್ಕೇಟಿಂಗ್ ಅಂತ ಚಳಿಗಾಲ ಪೂರ್ತಿ ಐಸ್ ರಿಂಕ್‌ನಲ್ಲೇ, ಅಂದರೆ ಮಂಜುಗಡ್ಡೆ ಹಾಸಿದ ಒಳಾಂಗಣದಲ್ಲೇ ಇರುತ್ತಾರೆ. ನಾವು ಮೇಲೆ ಕಂಬಳಿ ಹೊದ್ದು, ಫ್ಲಾಸ್ಕ್‌ನ ಕಾಫಿ ಹೀರುತ್ತಾ ಕೂತಿರುತ್ತೇವೆ. ಪೆಟ್ಟಾದರೆ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಒಳಗಿನ ಗಾಳಿಯೇ ಕೆಟ್ಟರೆ ಏನು ಮಾಡಬೇಕು ಅಂತ ಕೇಳಿ ನೋಡಿ, ಕೋಚ್ ಕೂಡ ತಡವರಿಸುತ್ತಾರೆ.

ಊರಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು, ಬಚ್ಚಲುಮನೆ ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಬಿದ್ದ ಸುದ್ದಿ ಓದಿರುತ್ತೀರಿ ಅಲ್ವಾ? ಅದೇ ಕಾರ್ಬನ್ ಮಾನಾಕ್ಸೈಡ್ ಇಲ್ಲೂ ಇರುತ್ತದೆ. ಇಲ್ಲಿ ಅದು ಬರುವುದು ಹೆಚ್ಚಾಗಿ ಮಂಜುಗಡ್ಡೆಯನ್ನು ಕೆರೆದು, ಬಿಸಿನೀರು ಸವರಿ ನುಣುಪು ಮಾಡುವ ಆ ದೊಡ್ಡ ಗಾಡಿಯಿಂದ. ಕಂಪನಿ ಯಾವುದೇ ಇರಲಿ, ಎಲ್ಲರೂ ಅದನ್ನು ಝಾಂಬೋನಿ ಅಂತಲೇ ಕರೆಯುತ್ತಾರೆ. ಅದು ಪ್ರೊಪೇನ್ ಅಥವಾ ಪೆಟ್ರೋಲ್‌ನಲ್ಲಿ ಓಡುವುದಾದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಬಿಡುತ್ತದೆ. ಎಂಜಿನ್ ಟ್ಯೂನಿಂಗ್ ಸರಿ ಇಲ್ಲದಿದ್ದರೆ, ಕರೆಂಟ್ ಬಿಲ್ ಉಳಿಸಲು ಫ್ಯಾನ್ ಆಫ್ ಮಾಡಿದ್ದರೆ ಅಥವಾ ಫ್ಯಾನೇ ಕೆಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಮಂಜಿನ ಮೇಲಿನ ತಣ್ಣನೆ ಗಾಳಿ ಭಾರ, ಮೇಲಕ್ಕೆ ಏಳುವುದಿಲ್ಲ. ಸುತ್ತ ಬೋರ್ಡು, ಅದರ ಮೇಲೆ ಪ್ಲಾಸ್ಟಿಕ್ ಗೋಡೆ. ಬಾಣಲೆಯಲ್ಲಿ ನೀರು ನಿಂತ ಹಾಗೆ ಹೊಗೆ ಅಲ್ಲೇ ನಿಲ್ಲುತ್ತದೆ, ಅದೇ ಬಾಣಲೆಯೊಳಗೆ ಮಕ್ಕಳು ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಮೇಲೆ ಕೂತ ನಮಗೆ ಏನೂ ಅನ್ನಿಸದೇ ಇರಬಹುದು.

ವಾಸನೆ ಬರಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ. ಒಂದು ಮಗುವಿಗೆ ತಲೆನೋವು ಅಂದರೆ ನೀರು ಕುಡಿದಿಲ್ಲ ಅಂದುಕೊಳ್ಳಬಹುದು. ಎರಡನೆಯ ಮಗು ಬಂದು ವಾಕರಿಕೆ ಅಂದರೆ, ಮೂರನೆಯದು ತಲೆ ಸುತ್ತುತ್ತಿದೆ ಅಂತ ಬೆಂಚಿನ ಮೇಲೆ ಕೂತರೆ, ಅಥವಾ ಗೋಲ್‌ಕೀಪರ್ ಸುಮ್ನೆ ಕೆಮ್ಮುತ್ತಲೇ ಇದ್ದರೆ ಅಲ್ಲಿಗೆ ಯೋಚನೆ ನಿಲ್ಲಿಸಿ ಆಟ ನಿಲ್ಲಿಸಿ. ಸ್ಕೋರ್ ಎಷ್ಟೇ ಇರಲಿ. 2014ರ ಡಿಸೆಂಬರ್ 13ರಂದು ವಿಸ್ಕಾನ್ಸಿನ್‌ನ ಲೇಕ್ ಡೆಲ್ಟನ್‌ನಲ್ಲಿ ಹಾಕಿ ಟೂರ್ನಮೆಂಟ್ ಆಡಿದ 20 ವರ್ಷದ ಹುಡುಗ ಪ್ರಜ್ಞೆ ತಪ್ಪಿದ ಮೇಲೆಯೇ ವಿಷಯ ಹೊರಬಿದ್ದಿದ್ದು. ಫೈರ್ ಡಿಪಾರ್ಟ್‌ಮೆಂಟ್ ಬಂದು ಅಳೆದಾಗ ಒಳಗೆ 45ರಿಂದ 165 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ) ಕಾರ್ಬನ್ ಮಾನಾಕ್ಸೈಡ್ ಇತ್ತು.

ಎಲ್ಲರನ್ನೂ ಕಟ್ಟಡದಿಂದಲೇ ಹೊರಗೆ ಕರೆತನ್ನಿ. ಮಂಜಿನಿಂದ ಇಳಿಸಿ ಲಾಕರ್ ರೂಮಿನಲ್ಲಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು, ಅಲ್ಲಿರುವುದೂ ಅದೇ ಗಾಳಿ. ಸ್ಕೇಟ್ ಬಿಚ್ಚಲು ಹತ್ತು ನಿಮಿಷ ಬೇಕು, ಬಿಚ್ಚಬೇಡಿ, ಹಾಗೇ ನಡೆಸಿ. ಬ್ಲೇಡ್ ಹಾಳಾದರೆ ಆಗಲಿ. ಕೈಗೆ ಸಿಕ್ಕಿದ ಜಾಕೆಟ್ ಎತ್ತಿಕೊಳ್ಳಿ, ಬ್ಯಾಗ್ ಹುಡುಕಲು ಹೋಗಬೇಡಿ. ಝಾಂಬೋನಿ ಓಡುತ್ತಿದ್ದರೆ ಆಫ್ ಮಾಡಲು, ಫ್ಯಾನ್ ಹಾಕಲು, ಬಾಗಿಲು ತೆರೆದಿಡಲು ಸಿಬ್ಬಂದಿಗೆ ಕೂಗಿ ಹೇಳಿ, ನೀವು ಮಾತ್ರ ನಿಲ್ಲಬೇಡಿ. ಟಾಯ್ಲೆಟ್‌ನಲ್ಲಿ ಯಾರಾದರೂ ಉಳಿದಿದ್ದಾರಾ ಅಂತ ಹೊರಡುವ ದಾರಿಯಲ್ಲೇ ಒಬ್ಬರು ನೋಡಲಿ. ಹೊರಗೆ ಬಂದು ತಂಡದ ಪಟ್ಟಿ ಹಿಡಿದು ತಲೆ ಎಣಿಸಿ.

ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದೆ, ಮಕ್ಕಳು ಬೆವರಿನಲ್ಲಿ ನೆಂದಿದ್ದಾರೆ. ಹಾಗಾಗಿ ಎಲ್ಲರೂ ಕಾರು ತಂದು ಬಾಗಿಲಿಗೇ ನಿಲ್ಲಿಸಿ ಹೀಟರ್ ಹಾಕುತ್ತಾರೆ. ಹೊಗೆಯಿಂದ ತಪ್ಪಿಸಿಕೊಂಡು ಬಂದು ಮತ್ತೆ ಹೊಗೆಯಲ್ಲೇ ನಿಂತ ಹಾಗಾಯಿತು! ಕಾರುಗಳು ದೂರದಲ್ಲಿ, ಒಂದಕ್ಕೊಂದು ಅಂಟದ ಹಾಗೆ ನಿಲ್ಲಲಿ. ಪಕ್ಕದಲ್ಲಿ ಬೇರೆ ಕಟ್ಟಡ ಇದ್ದರೆ ಇನ್ನೂ ಒಳ್ಳೆಯದು.

911ಕ್ಕೆ ಹೊರಗಿನಿಂದ ಕರೆ ಮಾಡಿ. ಐಸ್ ರಿಂಕ್, ಇಷ್ಟು ಜನ ಒಳಗಿದ್ದರು, ಇಷ್ಟು ಜನಕ್ಕೆ ಹೀಗಾಗುತ್ತಿದೆ ಅಂತ ಹೇಳಿ. ಜೊತೆಗೆ ಇನ್ನೊಂದು ಮಾತು, ಇದನ್ನು ಮರೆಯಬೇಡಿ: ನೈಟ್ರೋಜನ್ ಡೈಆಕ್ಸೈಡ್ ಅಳೆಯುವ ಮೀಟರ್ ಕೂಡ ತನ್ನಿ ಅನ್ನಿ. ಫೈರ್‌ನವರ ಬಳಿ ಸಾಮಾನ್ಯವಾಗಿ ಇರುವ ನಾಲ್ಕು ಅನಿಲಗಳ ಮೀಟರ್ ಆಮ್ಲಜನಕ, ಹೊತ್ತಿಕೊಳ್ಳುವ ಅನಿಲ, ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಅಷ್ಟನ್ನೇ ತೋರಿಸುತ್ತದೆ. ಅದರಲ್ಲಿ ಎಲ್ಲಾ ಸರಿ ಬಂತು ಅಂತ ಒಳಗೆ ಬಿಟ್ಟರೆ ಕಷ್ಟ.

ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಈಗಲೂ ಯಾರದ್ದಾದರೂ ಬ್ಯಾಗಿನಲ್ಲಿ ಇರುತ್ತದೆ. ಅದು 99 ತೋರಿಸಿದರೂ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಹಿಡಿದ ರಕ್ತ ಅಂತಲೇ ಲೆಕ್ಕ ಹಾಕುತ್ತದೆ. ರಕ್ತ ಪರೀಕ್ಷೆಯೇ ಆಗಬೇಕು. ಅದಕ್ಕೇ ಒಳಗೆ ಎಷ್ಟು ಹೊತ್ತು ಇದ್ದಿರಿ, ಹೊರಗೆ ಎಷ್ಟು ಗಂಟೆಗೆ ಬಂದಿರಿ ಅಂತ ಫೋನಿನಲ್ಲಿ ಬರೆದಿಡಿ. ಸಾಧಾರಣ ಗಾಳಿಯಲ್ಲಿ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ನೀವು ತಡವಾಗಿ ಆಸ್ಪತ್ರೆಗೆ ಹೋದರೆ ರಿಪೋರ್ಟ್‌ನಲ್ಲಿ ಕಡಿಮೆ ಬರುತ್ತದೆ, ಸಮಯ ಗೊತ್ತಿದ್ದರೆ ಡಾಕ್ಟರ್ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಬಸುರಿಯರು ಒಳಗಿದ್ದರೆ ಏನೂ ಆಗದಿದ್ದರೂ ತೋರಿಸಲೇಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಜಾಸ್ತಿ. ಪ್ರಜ್ಞೆ ತಪ್ಪಿದವರು, ಎದೆನೋವು ಅನ್ನುವವರು, ಮಾತು ತೊದಲುವವರು ಆಂಬುಲೆನ್ಸ್‌ನಲ್ಲೇ ಹೋಗಲಿ. ಸಣ್ಣಪುಟ್ಟ ಅನುಮಾನಕ್ಕೆ ಅಮೆರಿಕದಲ್ಲಿ ವಿಷದ ಬಗ್ಗೆ ಸಲಹೆ ಕೊಡುವ ಸಹಾಯವಾಣಿ ಪಾಯ್ಸನ್ ಕಂಟ್ರೋಲ್ 1-800-222-1222 ಇದೆ, ಹಗಲು ರಾತ್ರಿ ಎತ್ತುತ್ತಾರೆ, ಕಾಸಿಲ್ಲ.

ಮನೆಗೆ ಬಂದು ಸಾರು ಅನ್ನ ಉಂಡು ಮಲಗಿದ ಮೇಲೂ ಇದು ಮುಗಿದಿಲ್ಲ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶಕ್ಕೆ ನಿಧಾನವಾಗಿ ಕಾಟ ಕೊಡುತ್ತದೆ. ರಾತ್ರಿ ಆರಾಮಾಗಿದ್ದ ಮಗು ಬೆಳಗ್ಗೆ ಏದುಸಿರು ಬಿಡಬಹುದು, ಕಫದಲ್ಲಿ ರಕ್ತ ಕಾಣಬಹುದು. 2011ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ರಿಂಕ್‌ನಲ್ಲಿ ಈ ಗಾಳಿ ಉಸಿರಾಡಿದ 43 ಜನರಲ್ಲಿ 31 ಜನ ಇಂಥದ್ದೇ ಕೆಮ್ಮು, ಎದೆ ಬಿಗಿತ, ಉಸಿರಾಟದ ತೊಂದರೆಗೆ ಸಿಕ್ಕಿಬಿದ್ದರು. ಆದ್ದರಿಂದ ಎರಡು ದಿನ ಕಣ್ಣಿಡಿ, ಆಸ್ತಮಾ ಇರುವ ಮಕ್ಕಳ ಮೇಲೆ ಇನ್ನೂ ಹೆಚ್ಚು. ಡಾಕ್ಟರ್ ಬಳಿ ಹೋದಾಗ ಐಸ್ ರಿಂಕ್ ಅನ್ನುವ ಪದ ನೀವೇ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಶೀತ, ಕೆಮ್ಮು ಅಂತ ಸಿರಪ್ ಬರೆದು ಕಳಿಸುತ್ತಾರೆ. ತಂಡದ ವಾಟ್ಸಾಪ್ ಗುಂಪಿನಲ್ಲಿ ಎದುರಾಳಿ ತಂಡದವರಿಗೂ ಸುದ್ದಿ ಮುಟ್ಟಿಸಿ.

ಅಮೋನಿಯಾದ ಕಥೆ ಬೇರೆ. ಎಷ್ಟೋ ರಿಂಕ್‌ಗಳಲ್ಲಿ ಮಂಜು ಹೆಪ್ಪುಗಟ್ಟಿಸುವುದೇ ಅದರಿಂದ. ಅದರ ಘಾಟು ತಕ್ಷಣ ಮೂಗು, ಕಣ್ಣಿಗೆ ಹೊಡೆಯುತ್ತದೆ. ಘಾಟು ಬಂದರೆ ಎಲ್ಲಿಂದ ಅಂತ ಹುಡುಕಬೇಡಿ. ಹೊರಗೆ ಬಂದು ಗಾಳಿ ಬೀಸಿ ಬರುತ್ತಿರುವ ದಿಕ್ಕಿಗೆ ಎದುರಾಗಿ, ಇಲ್ಲವೇ ಅಡ್ಡಲಾಗಿ ದೂರ ಹೋಗಿ. ಕಣ್ಣು, ಚರ್ಮಕ್ಕೆ ತಾಗಿದ್ದರೆ ಬಟ್ಟೆ ತೆಗೆದು ಕನಿಷ್ಠ 15 ನಿಮಿಷ ನೀರು ಹೊಯ್ಯಿರಿ. 2017ರ ಅಕ್ಟೋಬರ್ 17ರಂದು ಕೆನಡಾದ ಫರ್ನೀಯಲ್ಲಿ ಮಂಜು ಹೆಪ್ಪುಗಟ್ಟಿಸುವ ಹಳೆಯ ಚಿಲ್ಲರ್ ಯಂತ್ರ ಸೋರಿ ಮೂವರು ಕೆಲಸಗಾರರು ಸತ್ತರು. ಅವರು ಯಂತ್ರ ಬಲ್ಲವರು.

ಮತ್ತೆ ಒಳಗೆ ಯಾವಾಗ ಹೋಗಬಹುದು? ಮ್ಯಾನೇಜರ್ ಬಾಯಿಮಾತಿಗಲ್ಲ, ಮೀಟರ್ ಹೇಳಿದಾಗ. ಮಿನೆಸೋಟದ ನಿಯಮದಲ್ಲಿ ಕಾರ್ಬನ್ ಮಾನಾಕ್ಸೈಡ್ 20 ಪಿಪಿಎಂ, ನೈಟ್ರೋಜನ್ ಡೈಆಕ್ಸೈಡ್ 0.3 ಪಿಪಿಎಂ ದಾಟಿದರೆ ಸರಿಪಡಿಸಬೇಕು. 85 ಅಥವಾ 2 ದಾಟಿದರೆ ಕಟ್ಟಡ ಖಾಲಿ ಮಾಡಿಸಬೇಕು. ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್‌ನಲ್ಲೂ ಕಾನೂನಿದೆ, ಹೆಚ್ಚಿನ ರಾಜ್ಯಗಳಲ್ಲಿ ಇಲ್ಲವೇ ಇಲ್ಲ.

ಸೀಸನ್ ಶುರುವಾಗುವ ಮೊದಲೇ ಹೋಗಿ ಕೇಳಿ. ಗಾಡಿ ಬ್ಯಾಟರಿಯದ್ದಾ, ಗ್ಯಾಸಿನದ್ದಾ? ಗಾಳಿ ಅಳೆದು ಬರೆದಿಡುವ ಪುಸ್ತಕ ಎಲ್ಲಿದೆ? ನಾನು ನಮ್ಮ ರಿಂಕ್‌ನಲ್ಲಿ ಕೇಳಿದಾಗ ಕೌಂಟರ್‌ನ ಹುಡುಗ ಒಂದು ಫೈಲ್ ಎಳೆದು ಕೊಟ್ಟ, ಕೊನೆಯ ಸಾಲು ಮೂರು ವಾರ ಹಳೆಯದು. ನಾನೇನೂ ಜಗಳ ಆಡಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ ಫೈಲ್ ಕೇಳಿದೆ, ಅವತ್ತಿನ ತಾರೀಖು ಹಾಕಿ ಅಂಕಿ ಬರೆದಿದ್ದರು.